ಗಾಜಿನ ಮೇಲೆ ಬಂಗಾರದ ಅಕ್ಷರ: ಬೆಲೆ ಕಟ್ಟುವುದು ಹೇಗೆ?

ದಾವಣಗೆರೆಯಲ್ಲಿ ಬೋರ್ಡ್ ಬರೆಯುವ ಕೆಲಸಕ್ಕೆ ಬೆಲೆ ಕೇಳುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಚದರಡಿಗೆ ಎಷ್ಟು?’ ಫ್ಲೆಕ್ಸಿಗೆ ಆ ಪ್ರಶ್ನೆ ಸರಿ. ಗಾಜಿನ ಹಿಂಬದಿಗೆ ಬಂಗಾರದ ರೇಕು (ತೆಳುವಾಗಿ ಬಡಿದ ಹಾಳೆ) ಕೂರಿಸಿ ಬರೆಯುವ ಅಕ್ಷರಕ್ಕೆ ಚದರಡಿಯ ದರ ಹೇಳಿದ ದಿನವೇ ನೀವು ನಷ್ಟಕ್ಕೆ ಕೈಹಾಕಿದಿರಿ ಎಂದು ತಿಳಿಯಿರಿ. ನಾನೂ ಮೊದಲ ಮೂರು ವರ್ಷ ಹಾಗೆಯೇ ಹೇಳಿಕೊಂಡು ಬಂದೆ. ಬಂಗಾರದ ದುಡ್ಡು ಬಂತು, ಕೈಯ ದುಡ್ಡು ಬರಲಿಲ್ಲ.

ದಾರಿ ತೋರಿಸಿದ್ದು ಮನೆಗೆ ಓಲೆ ಕೊಳ್ಳಲು ಹೋದಾಗ ಸಿಕ್ಕ ಬಿಲ್ಲು. ಬಂಗಾರ ಒಂದು ಸಾಲು, ವೇಸ್ಟೇಜ್ ಇನ್ನೊಂದು ಸಾಲು, ಮಜೂರಿ ಮತ್ತೊಂದು ಸಾಲು. ನಮ್ಮ ಊರಿನ ಯಾವ ಗಿರಾಕಿಗೂ ಈ ಮೂರು ಸಾಲನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣುಮಕ್ಕಳ ಮದುವೆ ಮಾಡಿದವರಿಗೆಲ್ಲ ಅದು ಬಾಯಿಪಾಠ. ಅಂದಿನಿಂದ ನನ್ನ ಕೊಟೇಶನ್ನೂ ಅಕ್ಕಸಾಲಿಗರ ಬಿಲ್ಲಿನಂತೆಯೇ ಇದೆ. ಆ ಮೂರು ಸಾಲುಗಳನ್ನು ತುಂಬುವುದು ಹೇಗೆಂದು ಹಂತ ಹಂತವಾಗಿ ಹೇಳುತ್ತೇನೆ. ಇಲ್ಲಿ ಬರುವ ರೂಪಾಯಿಗಳು ಲೆಕ್ಕ ತೋರಿಸಲು ಹಿಡಿದವು. ಆ ಜಾಗದಲ್ಲಿ ನಿಮ್ಮ ಅಂಗಡಿಯ, ಆ ವಾರದ ಅಂಕಿಗಳನ್ನು ಹಾಕಿಕೊಳ್ಳಿ.

ಹಂತ 1: ಬೆಲೆ ಹೇಳುವ ಮೊದಲು ಗಾಜು ನೋಡಿ

ಫೋನಿನಲ್ಲಿ ಬೆಲೆ ಹೇಳಬೇಡಿ. ‘ಅಂದಾಜು ಹೇಳಿ ಸಾಕು’ ಎನ್ನುತ್ತಾರೆ. ಆ ಅಂದಾಜು ಅವರ ತಲೆಯಲ್ಲಿ ಶಾಸನವಾಗಿ ಕೂರುತ್ತದೆ.

ರೇಕು ಕೂರುವುದು ಗಾಜಿನ ಒಳಮೈಗೆ. ಓದುವವರು ಹೊರಗಿನಿಂದ ಓದುತ್ತಾರೆ. ಆದ್ದರಿಂದ ಒಳಗಡೆ ಕೈ ಆಡಲು ಜಾಗ ಇದೆಯೇ ಎನ್ನುವುದೇ ಮೊದಲ ಪ್ರಶ್ನೆ. ಮಂಡಿಪೇಟೆಯ ಹಳೆಯ ಅಂಗಡಿಗಳಲ್ಲಿ ಮುಂಬಾಗಿಲಿನ ಗಾಜಿಗೆ ಒತ್ತಿಕೊಂಡೇ ಬೀರು ಇರುತ್ತದೆ. ಅದನ್ನು ಸರಿಸುವವರು ಯಾರು, ಎಷ್ಟು ಹೊತ್ತಿಗೆ? ಗಾಜಿಗೆ ಬಿಸಿಲು ತಡೆಯುವ ಫಿಲ್ಮ್ ಅಂಟಿಸಿದ್ದರೆ ಕಿತ್ತು ಅಂಟು ಕೆರೆಯುವುದಕ್ಕೇ ಅರ್ಧ ದಿನ ಬೇಕು. ಏಸಿಯ ಗಾಳಿ ನೇರವಾಗಿ ಗಾಜಿಗೆ ಬಡಿಯುತ್ತದೆಯೇ ಎಂದೂ ನೋಡಿ. ಗಾಜು ಕಳಚಿ ಕೊಡುವಂತಿದ್ದರೆ ಕೆಲಸ ನಿಮ್ಮ ಮೇಜಿನ ಮೇಲೆ ನಡೆಯುತ್ತದೆ, ಗಂಟೆಗಳು ಇಳಿಯುತ್ತವೆ. ಆದರೆ ಸಾಗಿಸುವಾಗ ಒಡೆದರೆ ಹೊಣೆ ಯಾರದು ಎಂಬುದನ್ನು ಅಲ್ಲಿಯೇ ಬರೆದುಕೊಳ್ಳಿ. ನಾನು ಗಾಜನ್ನು ಗಿರಾಕಿಯೇ ತರಿಸಬೇಕು, ಕೂರಿಸುವವರೂ ಅವರ ಕಡೆಯವರೇ ಆಗಬೇಕು ಎನ್ನುತ್ತೇನೆ. ಬಂಗಾರ ಕೂತ ಗಾಜನ್ನು ಹೊರುವ ಎದೆಗಾರಿಕೆ ನನಗಿಲ್ಲ.

ಕೆಲಸದ ಸಮಯವನ್ನೂ ಕೇಳಿ. ರೇಕು ಹಚ್ಚುವಾಗ ಫ್ಯಾನ್ ಹಾಕುವಂತಿಲ್ಲ, ಬಾಗಿಲು ತೆರೆಯುವಂತಿಲ್ಲ. ಉಸಿರು ಬಿಟ್ಟರೂ ರೇಕು ಮಡಚಿಕೊಳ್ಳುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ದಾವಣಗೆರೆಯಲ್ಲಿ ಫ್ಯಾನ್ ಇಲ್ಲದೆ ಮುಚ್ಚಿದ ಕೋಣೆಯಲ್ಲಿ ನಿಲ್ಲುವುದೆಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಅಂಗಡಿ ಮುಚ್ಚಿದ ಮೇಲೆ ರಾತ್ರಿ, ಇಲ್ಲವೇ ಬೆಳಗಿನ ಜಾವ ಮಾಡಬೇಕು. ಮಂಡಕ್ಕಿ ಭಟ್ಟಿಗಳ ಹತ್ತಿರದ ಅಂಗಡಿಯಾದರೆ ಗಾಳಿಯಲ್ಲಿ ಮಸಿ ತೇಲುತ್ತಿರುತ್ತದೆ. ಗಾಜನ್ನು ಎರಡು ಸಲ ತೊಳೆಯುವ ಹೊತ್ತು ಸೇರಿಸಿಕೊಳ್ಳಿ. ಚಿತ್ರದುರ್ಗದ ಕೆಲಸವಾದರೆ ಸುಮಾರು 60 ಕಿಲೋಮೀಟರ್ ದೂರ. ಎರಡು ದಿನ ಓಡಾಡುವ ಬದಲು ಒಂದು ರಾತ್ರಿ ಅಲ್ಲಿಯೇ ಉಳಿಯುವುದು ಅಗ್ಗ. ಆ ರಾತ್ರಿಯ ಖರ್ಚು ಗಿರಾಕಿಯದು.

ಹಂತ 2: ಅಕ್ಷರ ಎಣಿಸುವ ಬಗೆ

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಕನ್ನಡದಲ್ಲಿ ಬರೆಯುವವರ ನಷ್ಟವೆಲ್ಲ ಇಲ್ಲಿಯೇ ಶುರುವಾಗುತ್ತದೆ.

‘ಚಿನ್ನ ಬೆಳ್ಳಿ ವ್ಯಾಪಾರಿಗಳು’ ಎಂಬ ಸಾಲನ್ನು ತೆಗೆದುಕೊಳ್ಳಿ. ಗಿರಾಕಿ ಬೆರಳು ಮಡಚಿ ಎಣಿಸಿ ‘ಒಂಬತ್ತು ಅಕ್ಷರ’ ಎನ್ನುತ್ತಾನೆ. ಕುಂಚ ಹಿಡಿದವನಿಗೆ ಅದು ಹನ್ನೆರಡು: ‘ನ್ನ’ದ ಕೆಳಗೊಂದು ಒತ್ತು, ‘ಳ್ಳಿ’ಯ ಕೆಳಗೊಂದು, ‘ವ್ಯಾ’ದ ಪಕ್ಕದಲ್ಲೊಂದು. ಒತ್ತು ಚಿಕ್ಕದು, ಕೆಲಸ ಚಿಕ್ಕದಲ್ಲ. ಆರಿಂಚಿನ ‘ಗ’ಕ್ಕೆ ಹಿಂಬಣ್ಣ (ಬಂಗಾರದ ಹಿಂದಿನಿಂದ ಹಚ್ಚುವ ಬಣ್ಣ) ತುಂಬಲು ನನಗೆ ಇಪ್ಪತ್ತು ನಿಮಿಷ ಸಾಕು, ಅದೇ ಅಳತೆಯ ‘ಳ್ಳಿ’ಗೆ ಐವತ್ತು ನಿಮಿಷ ಬೇಕು. ಒಳಗಿನ ಸುಳಿ, ಮೇಲಿನ ಗುಡಿಸು, ಕೆಳಗಿನ ಒತ್ತು, ಅದೂ ಎಲ್ಲವೂ ಉಲ್ಟಾ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಅರ್ಧಕ್ಕರ್ಧ ನೇರ ಗೆರೆ, ಅಳತೆಪಟ್ಟಿ ಇಟ್ಟು ಎಳೆಯಬಹುದು. ಕನ್ನಡದಲ್ಲಿ ನೇರ ಗೆರೆ ಎಲ್ಲಿದೆ ತೋರಿಸಿ! ತಲಕಟ್ಟು ಕೂಡ ಬಾಗಿಯೇ ಇರುತ್ತದೆ. ಹಾಗಾಗಿ ಎರಡು ಭಾಷೆಗೂ ಒಂದೇ ಅಕ್ಷರದರ ಇಟ್ಟುಕೊಂಡವರು ಕನ್ನಡದ ಬೋರ್ಡಿನಲ್ಲಿ ಸೋಲುತ್ತಾರೆ. ರಾಜ್ಯದ ಕನ್ನಡ ಭಾಷಾ ಕಾನೂನಿಗೆ 2024ರಲ್ಲಿ ಆದ ತಿದ್ದುಪಡಿಯ ನಂತರ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ ಇರಬೇಕು. ಸಂತೋಷದ ಮಾತು; ನಮ್ಮ ಗಂಟೆಗಳೂ ಅದಕ್ಕೆ ತಕ್ಕಂತೆ ಏರಿವೆ ಎಂಬುದು ಲೆಕ್ಕದಲ್ಲಿ ಬರಬೇಕು, ಅಷ್ಟೆ.

ನನ್ನ ಪದ್ಧತಿ ಹೀಗಿದೆ: ಪ್ರತಿ ಒತ್ತಕ್ಷರವನ್ನೂ ಬೇರೆ ಆಕೃತಿಯಾಗಿ ಎಣಿಸುತ್ತೇನೆ. ಕೊಟೇಶನ್ನಿನಲ್ಲಿ ‘ಅಕ್ಷರ’ ಎಂದು ಬರೆಯದೆ ‘ಆಕೃತಿ’ ಎಂದೇ ಬರೆಯುತ್ತೇನೆ, ಜಗಳ ಇರುವುದಿಲ್ಲ.

ಮತ್ತೊಂದು ಮಾತು. ಬರಹವನ್ನು ಗಿರಾಕಿಯ ಕೈಯಲ್ಲಿಯೇ ಕಾಗದದ ಮೇಲೆ ಬರೆಸಿ, ಸಹಿ ಹಾಕಿಸಿ. ಒಬ್ಬರು ಮೊಬೈಲಿನಲ್ಲಿ ಕಳಿಸಿದ ಬರಹದಲ್ಲಿ ‘ಬಂಡಾರ’ ಎಂದಿತ್ತು. ನಾನು ಉಲ್ಟಾ ಅಕ್ಷರಗಳ ನಡುವೆ ಮುಳುಗಿದ್ದೆ, ಮಹಾಪ್ರಾಣದ ಕಡೆ ಗಮನ ಹೋಗಲಿಲ್ಲ. ಕೆಲಸ ಮುಗಿದ ಸಂಜೆ ಅಂಗಡಿಯ ಹಿರಿಯರು ಬಂದು, ರಸ್ತೆಯಲ್ಲಿ ನಿಂತು, ಕನ್ನಡಕ ಸರಿಪಡಿಸಿಕೊಂಡು ಕೇಳಿದರು: ‘ಭ ಎಲ್ಲಪ್ಪಾ?’ ಬಾಯಿಮಾತಿನ ಒಪ್ಪಂದ, ಸಹಿ ಇಲ್ಲ. ಒಂದು ಪುಸ್ತಕ (25 ಹಾಳೆ) ರೇಕು, ಎರಡು ರಾತ್ರಿಯ ನಿದ್ದೆ ನನ್ನ ತಲೆಗೇ ಬಂತು.

ಹಂತ 3: ಬಂಗಾರದ ಸಾಲು

ರೇಕು ಪುಸ್ತಕದ ರೂಪದಲ್ಲಿ ಬರುತ್ತದೆ. ಒಂದು ಪುಸ್ತಕಕ್ಕೆ 25 ರೇಕು, ಸಾಮಾನ್ಯವಾಗಿ 80 ಮಿಲಿಮೀಟರ್ ಚೌಕ, ಎಂದರೆ ಮೂರಿಂಚಿಗಿಂತ ತುಸು ಹೆಚ್ಚು. ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು. ಗಾಜಿಗೆ ನಾನು 23 ಕ್ಯಾರೆಟ್ ಬಳಸುತ್ತೇನೆ. 18 ಕ್ಯಾರೆಟ್ಟಿನದು ಅಗ್ಗ, ಆದರೆ ಬೆಳ್ಳಿಯ ಪಾಲು ಹೆಚ್ಚಿ ಬಣ್ಣ ಪೇಲವವಾಗುತ್ತದೆ. ಸಿಹಿತಿಂಡಿಯ ಮೇಲೆ ಹಾಕುವ ವರಖ್ ಇದಕ್ಕೆ ಆಗುವುದಿಲ್ಲ. ತೂತು ಹೆಚ್ಚು, ಬೆಳಕು ಹಿಂದಿನಿಂದ ಇಣುಕುತ್ತದೆ. ಹಿತ್ತಾಳೆಯ ನಕಲಿ ರೇಕನ್ನು ಬಂಗಾರವೆಂದು ಹೇಳಿ ಕೂರಿಸುವವರೂ ಇದ್ದಾರೆ. ಅದು ಕಪ್ಪಾಗುತ್ತದೆ, ಜೊತೆಗೆ ಬರೆದವನ ಹೆಸರೂ.

ಈಗ ಬಹಳ ಜನ ತಪ್ಪುವ ಜಾಗ. ಎಷ್ಟು ರೇಕು ಬೇಕೆಂದು ಅಕ್ಷರದ ಮೈಯ ಅಳತೆಯಿಂದ ಲೆಕ್ಕ ಹಾಕಬಾರದು. ಗಾಜಿನ ಕೆಲಸದಲ್ಲಿ ಅಕ್ಷರದ ಆಕಾರಕ್ಕೆ ರೇಕು ಕತ್ತರಿಸುವುದಿಲ್ಲ. ರೇಕನ್ನು ಗಾಜಿಗೆ ಹಿಡಿಸುವ ಜೆಲಟಿನ್ ನೀರು ಹರಿಸಿ, ಇಡೀ ಸಾಲಿನ ಪಟ್ಟಿಗೆ ರೇಕು ಹೊದಿಸಿ, ಒಣಗಿದ ಮೇಲೆ ಅಕ್ಷರದ ಜಾಗಕ್ಕೆ ಹಿಂದಿನಿಂದ ಬಣ್ಣ ತುಂಬಿ, ಉಳಿದ ಬಂಗಾರವನ್ನು ಒದ್ದೆ ಹತ್ತಿಯಿಂದ ಒರೆಸಿ ತೆಗೆಯುತ್ತೇವೆ. ಅಕ್ಷರಗಳ ನಡುವಿನ ಖಾಲಿ ಜಾಗಕ್ಕೂ ಬಂಗಾರ ಹೋಗಿರುತ್ತದೆ. ಒರೆಸಿದ ಬಂಗಾರಕ್ಕೂ ದುಡ್ಡು ಕೊಟ್ಟವರು ನಾವೇ.

ಮೇಲಿನ ಸಾಲನ್ನೇ ಲೆಕ್ಕ ಹಾಕೋಣ. ಅಕ್ಷರದ ಎತ್ತರ 6 ಇಂಚು, ಸಾಲಿನ ಉದ್ದ 60 ಇಂಚು: 360 ಚದರಿಂಚು. ಒತ್ತುಗಳಿರುವ ಮೂರು ಕಡೆ ಕೆಳಗೆ 6×3 ಇಂಚಿನ ತುಂಡುಗಳು: 54. ಒಟ್ಟು 414. ರೇಕನ್ನು ಒಂದರ ಮೇಲೊಂದು ಕಾಲಿಂಚು ಹತ್ತಿಸಿ ಕೂರಿಸುವುದರಿಂದ ಒಂದು ರೇಕಿನಿಂದ ಕೈಗೆ ದಕ್ಕುವುದು ಸುಮಾರು 8.4 ಚದರಿಂಚು. ಹಾಗಾದರೆ 50 ರೇಕು. ಮೊದಲ ಸಲ ಹಚ್ಚಿದ್ದು ಒಣಗಿದಾಗ ಕೂದಲೆಳೆಯಂಥ ಬಿರುಕು, ಸಾಸಿವೆಯಂಥ ತೂತು ಕಾಣುತ್ತವೆ. ಎರಡನೆಯ ಸಲ ತೇಪೆ ಹಚ್ಚಲು ಇನ್ನು ಮೂರನೆಯ ಒಂದು ಪಾಲು. ಕೈಯಲ್ಲೇ ಹರಿದುಹೋಗುವವು ನಾಲ್ಕೈದು. ಎಲ್ಲ ಸೇರಿ 71ರ ಆಸುಪಾಸು: ಮೂರು ಪುಸ್ತಕ.

ಕೊಟೇಶನ್ನಿನಲ್ಲಿ ಇದನ್ನು ಎರಡಾಗಿ ಒಡೆಯಿರಿ. 50 ರೇಕು ‘ಬಂಗಾರ’, 25 ರೇಕು ‘ವೇಸ್ಟೇಜ್’. ಪುಸ್ತಕಕ್ಕೆ 7,000 ರೂಪಾಯಿ ಎಂದು ಹಿಡಿದರೆ ಕ್ರಮವಾಗಿ 14,000 ಮತ್ತು 7,000. ಅರ್ಧ ಉಳಿದ ಪುಸ್ತಕಕ್ಕೂ ಪೂರ್ತಿ ಬೆಲೆ ಹಾಕಿ. ಅದು ಮುಂದಿನ ಕೆಲಸಕ್ಕೆ ಬರುತ್ತದೆ ಎಂದು ದಯೆ ತೋರಿಸಬೇಡಿ; ಮುಂದಿನ ಕೆಲಸ ಬರುವಷ್ಟರಲ್ಲಿ ಪುಸ್ತಕದ ಅಂಚು ಹರಿದಿರುತ್ತದೆ.

‘ಇದರಲ್ಲಿ ಎಷ್ಟು ಗ್ರಾಂ ಬಂಗಾರ ಇದೆ?’ ಎಂದು ಕೇಳುವ ಗಿರಾಕಿ ಖಂಡಿತ ಬರುತ್ತಾನೆ, ಅದರಲ್ಲೂ ಆಭರಣದ ವ್ಯಾಪಾರಿಯಾದರೆ. ಸತ್ಯ ಹೇಳಿ: ಒಂದು ಪುಸ್ತಕದಲ್ಲಿ ಅರ್ಧ ಗ್ರಾಮೂ ಇರುವುದಿಲ್ಲ. ಬೆಲೆಯಲ್ಲಿ ತೂಕದ ಜೊತೆ ಅದನ್ನು ಅಷ್ಟು ತೆಳುವಾಗಿ ಬಡಿದ ಕೂಲಿಯೂ ಇದೆ. ಅವರೇ ಮಜೂರಿ ತೆಗೆದುಕೊಳ್ಳುವವರು, ಅರ್ಥವಾಗುತ್ತದೆ.

ಹಂತ 4: ಗಂಟೆಗಳ ಸಾಲು

ಗಂಟೆಯ ದರ ಗಾಳಿಯಲ್ಲಿ ಹುಟ್ಟುವುದಿಲ್ಲ. ಮನೆಖರ್ಚು 28,000, ಅಂಗಡಿ ಬಾಡಿಗೆ 7,000, ಕರೆಂಟು, ಫೋನು, ಪೆಟ್ರೋಲು 5,000, ಕುಂಚ ಮತ್ತು ಸಾಮಾನುಗಳ ಸವಕಳಿ 2,000, ಕಾಯಿಲೆ ಕಸಾಲೆಗೆ ಎತ್ತಿಡುವುದು 5,000. ತಿಂಗಳಿಗೆ 47,000. ಇದನ್ನು 200 ಗಂಟೆಗಳಿಗೆ ಹಂಚುವುದು ದೊಡ್ಡ ಮೋಸ, ನಮಗೆ ನಾವೇ ಮಾಡಿಕೊಳ್ಳುವ ಮೋಸ. ಅಳತೆಗೆ ಓಡಾಟ, ಚಹಾ ಕುಡಿಯುತ್ತಾ ಮಾತು, ಬಾಕಿ ವಸೂಲಿ ಇವೆಲ್ಲ ಕಳೆದರೆ ಬಿಲ್ಲಿಗೆ ಬರುವ ಗಂಟೆ ನೂರು ಸಿಕ್ಕರೆ ಪುಣ್ಯ. 470 ರೂಪಾಯಿ ಬಂತು. ಆಷಾಢದಲ್ಲಿ ಹೊಸ ಅಂಗಡಿ ತೆರೆಯುವವರಿಲ್ಲ, ಪಿತೃಪಕ್ಷದಲ್ಲಿಯೂ ಅದೇ ಕಥೆ. ಆ ಖಾಲಿ ದಿನಗಳ ಹೊರೆ ಸೇರಿಸಿ ಗಂಟೆಗೆ 550 ಎಂದು ಇಟ್ಟುಕೊಳ್ಳೋಣ.

ಈಗ ಕೆಲಸವನ್ನು ಬಿಡಿಸಿ ಬರೆಯಿರಿ, ತಲೆಯಲ್ಲಿ ಅಲ್ಲ, ಕಾಗದದ ಮೇಲೆ. ನಮ್ಮ ಹನ್ನೆರಡು ಆಕೃತಿಗಳ ಸಾಲಿಗೆ ನನ್ನ ಲೆಕ್ಕ:

ಅಳತೆ, ಮಾತುಕತೆ: 2 ಗಂಟೆ
ಪೂರ್ಣ ಅಳತೆಯ ಚಿತ್ರ, ಗಿರಾಕಿಗೆ ತೋರಿಸಿ ತಿದ್ದುವುದು: 6
ಚಿತ್ರಕ್ಕೆ ಸೂಜಿಯಿಂದ ಚುಚ್ಚಿ ಗಾಜಿಗೆ ಇಳಿಸುವುದು: 1½
ಗಾಜು ತೊಳೆಯುವುದು: 1
ರೇಕು, ಮೊದಲ ಸಲ: 3
ರೇಕು, ತೇಪೆ: 2
ಬಿಸಿನೀರು ಹರಿಸಿ ಹೊಳಪು ತರುವುದು: ½
ಹಿಂಬಣ್ಣ: 5½
ಹೆಚ್ಚುವರಿ ಬಂಗಾರ ಒರೆಸಿ ಅಂಚು ಚೊಕ್ಕ ಮಾಡುವುದು: 2
ಕಪ್ಪು ಅಂಚು, ನೆರಳು: 5
ವಾರ್ನಿಷ್: 1
ಸಾಮಾನು ಹರಡುವುದು, ಕಟ್ಟುವುದು: ½

ಒಟ್ಟು 30 ಗಂಟೆ, 16,500 ರೂಪಾಯಿ.

ಗಾಜು ತೊಳೆಯುವ ಒಂದು ಗಂಟೆಯನ್ನು ಯಾರೂ ಬರೆಯುವುದಿಲ್ಲ. ಇಡೀ ಕೆಲಸ ನಿಂತಿರುವುದು ಆ ಒಂದು ಗಂಟೆಯ ಮೇಲೆ. ನುಣ್ಣಗಿನ ಸೀಮೆಸುಣ್ಣದ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ತೆಗೆದುಕೊಂಡು ಉಜ್ಜಬೇಕು, ನೀರು ಸುರಿದರೆ ಎಲ್ಲಿಯೂ ಹನಿಗಟ್ಟದೆ ಹಾಳೆಯಂತೆ ಇಳಿಯುವವರೆಗೆ. ಒಂದು ಬೆರಳಚ್ಚು ಉಳಿದರೂ ಆ ಜಾಗದಲ್ಲಿ ಬಂಗಾರ ಮಂಕಾಗುತ್ತದೆ, ಹೊರಗಿನಿಂದ ಬೆರಳಚ್ಚೇ ಎದ್ದು ಕಾಣುತ್ತದೆ. ನೀರಿನ ವಿಷಯವೂ ಹಾಗೆಯೇ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಜೆಲಟಿನ್ನಿಗೆ ಅದನ್ನು ಬಳಸಿದರೆ ಒಣಗಿದಾಗ ಸುಣ್ಣದ ಕಲೆ ಉಳಿಯುತ್ತದೆ. ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರು ತನ್ನಿ. ಅರ್ಧ ಲೀಟರಿಗೆ ಔಷಧದ ಅಂಗಡಿಯ ಖಾಲಿ ಜೆಲಟಿನ್ ಕ್ಯಾಪ್ಸೂಲ್ ದೊಡ್ಡದೊಂದು ಕರಗಿಸಿದರೆ ಸಾಕು. ಜೆಲಟಿನ್ ಹೆಚ್ಚಾದರೆ ಬಂಗಾರದ ಮೇಲೆ ಹಾಲಿನ ಪೊರೆ ಕಟ್ಟುತ್ತದೆ. ಜೆಲಟಿನ್ ಪ್ರಾಣಿಜನ್ಯ ಎಂಬುದನ್ನು ಮಠ, ದೇವಸ್ಥಾನಗಳ ಕೆಲಸದಲ್ಲಿ ಮೊದಲೇ ಹೇಳಿಬಿಡಿ.

ಹಂತ 5: ಉಳಿದ ಖರ್ಚು ಮತ್ತು ಗಂಡಾಂತರ

ಬಣ್ಣ, ವಾರ್ನಿಷ್, ಹತ್ತಿ, ಟೇಪು, ಕುಂಚದ ಸವೆತ: 1,800. ಓಡಾಟ, ರಾತ್ರಿ ಕೆಲಸದ ಊಟ: 1,200. ಇಲ್ಲಿಯವರೆಗೆ 40,500. ಇದರ ಮೇಲೆ ಶೇ. 10, ಅಂದರೆ 4,050, ಗಂಡಾಂತರಕ್ಕೆ. ಇದನ್ನು ಗಿರಾಕಿಗೆ ಪ್ರತ್ಯೇಕ ಸಾಲಾಗಿ ತೋರಿಸಬೇಡಿ. ಮೊದಲು ಕತ್ತರಿ ಬೀಳುವುದು ಅದಕ್ಕೇ. ಮಜೂರಿಯಲ್ಲಿ ಸೇರಿಸಿ. ಮಜೂರಿ 20,550 ಆಗುತ್ತದೆ, ಒಟ್ಟು 44,550. ಜಿಎಸ್‌ಟಿ ನೋಂದಣಿ ಇದ್ದವರು ತೆರಿಗೆಯನ್ನು ಕೆಳಗೆ ಬೇರೆಯಾಗಿ ಹಾಕಿ, ಎಂದಿಗೂ ಒಳಗೆ ಸೇರಿಸಬೇಡಿ.

ಅಕ್ಷರದ ನಡುವೆ ಮಂದ ಬಂಗಾರ ಇಟ್ಟು ಸುತ್ತ ಹೊಳೆಯುವ ಅಂಚು ಬೇಕೆಂದರೆ ಎರಡು ಬಗೆಯ ಹಚ್ಚುವಿಕೆ, ನಡುವೆ ವಾರ್ನಿಷ್ ಒಣಗುವ ಕಾಯುವಿಕೆ. ರೇಕಿನ ಲೆಕ್ಕ ಮತ್ತು ಹಚ್ಚುವ ಗಂಟೆ ಎರಡನ್ನೂ ಬಹುಪಾಲು ದುಪ್ಪಟ್ಟು ಮಾಡಿ. ಯುಗಾದಿ, ಅಕ್ಷಯ ತೃತೀಯ, ದೀಪಾವಳಿಗೆ ಹತ್ತು ದಿನ ಇರುವಾಗ ಬಂದವರಿಗೆ ನಾನು ಮಜೂರಿಯ ಮೇಲೆ ಕಾಲು ಭಾಗ ಹೆಚ್ಚು ಹಾಕುತ್ತೇನೆ. ಹಬ್ಬದ ಮನೆಯಲ್ಲಿ ನಾನಿರುವುದಿಲ್ಲವಲ್ಲ.

ಹಂತ 6: ಕೊಟೇಶನ್, ಮುಂಗಡ

ಒಂದೇ ಹಾಳೆ ಸಾಕು. ಬಂಗಾರ 14,000. ವೇಸ್ಟೇಜ್ 7,000. ಮಜೂರಿ 20,550. ಸಾಮಾನು, ಓಡಾಟ 3,000. ಕೆಳಗೆ ದಪ್ಪಕ್ಷರದಲ್ಲಿ: ‘ಬಂಗಾರದ ಬೆಲೆ ಈ ದಿನದ ದರದಂತೆ, ಏಳು ದಿನ ಮಾತ್ರ ಊರ್ಜಿತ.’ ಈ ಸಾಲು ಬರೆಯುವುದನ್ನು ಕಲಿಸಿದ್ದು ಒಂದು ಶ್ರಾವಣ. ಆಗ ಹೇಳಿದ ಬೆಲೆಗೆ ಗಿರಾಕಿ ದೀಪಾವಳಿಯ ಹೊತ್ತಿಗೆ ‘ಸರಿ, ಶುರು ಮಾಡಿ’ ಎಂದರು. ಅಷ್ಟರಲ್ಲಿ ರೇಕಿನ ಬೆಲೆ ಏರಿತ್ತು. ಮಾತು ಕೊಟ್ಟಾಗಿತ್ತು, ಏರಿದ್ದೆಲ್ಲ ನನ್ನ ಮಜೂರಿಯಿಂದಲೇ ಹೋಯಿತು.

ಮುಂಗಡ ಎಂದರೆ ಅರ್ಧ ಎಂಬ ರೂಢಿ ಈ ಕೆಲಸಕ್ಕೆ ಸಾಲದು. ಬಂಗಾರ ಮತ್ತು ವೇಸ್ಟೇಜ್ ಪೂರ್ತಿ, ಉಳಿದದ್ದರ ಅರ್ಧ: ಇಲ್ಲಿ 32,775, ಇರಲಿ 33,000. ಗಿರಾಕಿಯ ಬಂಗಾರವನ್ನು ನಾನು ನನ್ನ ದುಡ್ಡಿನಲ್ಲಿ ಕೊಳ್ಳುವುದಿಲ್ಲ. ಬಾಕಿ ಕೊನೆಯ ವಾರ್ನಿಷ್ ಹಚ್ಚುವ ಮೊದಲು ಬರಬೇಕು. ವಾರ್ನಿಷ್ ಇಲ್ಲದ ಬಂಗಾರ ಒದ್ದೆ ಬಟ್ಟೆ ತಾಗಿದರೆ ಅಂಚಿನಿಂದ ಏಳತೊಡಗುತ್ತದೆ ಎಂದು ಮುಂಚೆಯೇ ತಿಳಿಸಿದರೆ, ಬಾಕಿ ತಾನಾಗಿಯೇ ಹೊತ್ತಿಗೆ ಬರುತ್ತದೆ.

ಹಂತ 7: ಚೌಕಾಸಿ

ಚೌಕಾಸಿ ಮಾಡದ ಗಿರಾಕಿಯ ಬಗ್ಗೆ ನನಗೆ ಅನುಮಾನ ಹೆಚ್ಚು. ಅವರೇ ಬಾಕಿ ಉಳಿಸುವವರು. ಕೇಳುವವರು ಕೇಳಲಿ. ನಿಯಮ ಒಂದೇ: ದರ ಇಳಿಸಬೇಡಿ, ಕೆಲಸ ಇಳಿಸಿ.

‘ಯಜಮಾನರೇ, ಸ್ವಲ್ಪ ನೋಡಿ ಹಾಕಿ’ ಎಂದರೆ ನಾನು ಪೆನ್ಸಿಲ್ ತೆಗೆಯುತ್ತೇನೆ. ‘ನೆರಳು ಬಿಟ್ಟರೆ ಮೂರು ಗಂಟೆ ಉಳಿಯುತ್ತದೆ. ಅಕ್ಷರ ಆರಿಂಚಿನಿಂದ ಐದಕ್ಕೆ ಇಳಿಸಿದರೆ ಒಂದು ಪುಸ್ತಕ ಉಳಿಯುತ್ತದೆ. ಎರಡರಲ್ಲಿ ಯಾವುದು ಬೇಡ, ಹೇಳಿ.’ ಐದಿಂಚಿಗೆ ಸಾಲಿನ ಉದ್ದವೂ 50 ಇಂಚಿಗೆ ಇಳಿಯುವುದರಿಂದ ಪಟ್ಟಿ 290 ಚದರಿಂಚಿಗೆ ಬರುತ್ತದೆ, ಎರಡು ಪುಸ್ತಕ ಬಿಗಿಯಾಗಿ ಸಾಕಾಗುತ್ತದೆ. ಒಂದಿಂಚು ಕಡಿಮೆ ಮಾಡಿದ್ದಕ್ಕೆ 7,000 ರೂಪಾಯಿ! ಬಹುತೇಕ ಜನ ಇದನ್ನು ಕೇಳಿ ಆರಿಂಚೇ ಇರಲಿ ಎನ್ನುತ್ತಾರೆ, ನನಗೆ ಇಂದಿಗೂ ಅದು ಸೋಜಿಗ. ಕೈಯಿಂದ ಬಿಡುವುದನ್ನು ಅವರೇ ಆರಿಸಬೇಕಾದಾಗ ಯಾವುದನ್ನೂ ಬಿಡಲು ಮನಸ್ಸು ಬರುವುದಿಲ್ಲವೇನೋ.

ಬಂಗಾರದ ಬಣ್ಣದ ಸ್ಟಿಕ್ಕರಿನ ಬೆಲೆ ತಂದು ಮುಂದಿಟ್ಟರೆ ವಾದ ಬೇಡ. ಅಂಗೈಯಗಲದ ಒಂದು ಗಾಜಿನ ತುಂಡಿನ ಮೇಲೆ ಅರ್ಧ ಸ್ಟಿಕ್ಕರ್, ಅರ್ಧ ರೇಕು ಕೂರಿಸಿ ಜೇಬಿನಲ್ಲಿ ಇಟ್ಟುಕೊಂಡಿರಿ. ಬಾಗಿಲ ಬಳಿಗೆ ಕರೆದುಕೊಂಡು ಹೋಗಿ ಬಿಸಿಲಿಗೆ ಹಿಡಿಯಿರಿ. ಆಮೇಲೂ ಸ್ಟಿಕ್ಕರ್ ಬೇಕೆಂದರೆ ಸ್ಟಿಕ್ಕರ್ ಅಂಟಿಸುವವರ ನಂಬರ್ ಕೊಡಿ. ಅವರು ನಮ್ಮ ಗಿರಾಕಿಯಲ್ಲ.

ಹಂತ 8: ಕೆಲಸದ ಪುಸ್ತಕ

ಪ್ರತಿ ಕೆಲಸಕ್ಕೂ ಎರಡು ಕಲಂ ಬರೆದಿಡಿ: ಅಂದಾಜು ಗಂಟೆ, ನಿಜವಾಗಿ ಹಿಡಿದ ಗಂಟೆ. ರೇಕಿಗೂ ಹಾಗೆಯೇ. ಮುಗಿಸಿ ಮನೆಗೆ ಹೋದ ರಾತ್ರಿಯೇ ಬರೆಯಬೇಕು. ವಾರ ಬಿಟ್ಟು ಬರೆದರೆ ಅಂಕಿಗಳು ನಮಗೆ ಬೇಕಾದಂತೆ ಬಾಗುತ್ತವೆ. ಕಳೆದ ಬಾರಿ ಇಂಥದೇ ಒಂದು ಸಾಲಿಗೆ 30 ಗಂಟೆ ಬರೆದಿದ್ದೆ, ಹಿಡಿದದ್ದು 37. ಏಳರಲ್ಲಿ ನಾಲ್ಕು ಗಂಟೆ ಎರಡನೆಯ ತೇಪೆಗೆ ಹೋಗಿತ್ತು, ಅದು ನನ್ನ ಕೈಯ ತಪ್ಪು. ಉಳಿದ ಮೂರು ಗಂಟೆ ರಾತ್ರಿ ಶಟರ್ ಮುಂದೆ ಬೈಕಿನ ಮೇಲೆ ಕೂತು ಬೀಗದ ಕೈ ತರುವವರನ್ನು ಕಾದಿದ್ದೆ. ಈಗ ಕೊಟೇಶನ್ನಿನ ಕೊನೆಯಲ್ಲಿ ಒಂದು ಸಾಲು ಹೆಚ್ಚಾಗಿದೆ: ‘ಕಾಯಿಸಿದರೆ ಗಂಟೆಗೆ 550.’